ತಳಕಾಡುಗೊಂಡ: ಇಂಗ್ಲಿಷಿನ ಅಲ್ಪವಿರಾಮ ಮತ್ತು ಕನ್ನಡದ ಕೃದಂತ

ಇಂಗ್ಲಿಷ್ ಕಲಿಯುವ ಕನ್ನಡಿಗರು ಅಲ್ಪವಿರಾಮದಲ್ಲಿ ಮಾಡುವ ತಪ್ಪುಗಳನ್ನು ಸಾಮಾನ್ಯವಾಗಿ ಅಲಕ್ಷ್ಯವೆಂದು ಪರಿಗಣಿಸಲಾಗುತ್ತದೆ. ಆ ತಪ್ಪುಗಳಿಗೆ ವ್ಯಾಕರಣದ ಕಾರಣವೂ ಅದಕ್ಕಿಂತ ಮಿಗಿಲಾಗಿ ಒಂದು ಚರಿತ್ರೆಯೂ ಇವೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಒಂದು ಸರಳ ವಾಕ್ಯದಿಂದ ತೊಡಗಬಹುದು: ‘ಬದನವಾಳಿನ ನೂಲುವ ಹೆಂಗಸರು ನಂಜನಗೂಡಿಗೆ ಬಂದರು.’ ಖಾದಿಗೆ ಹೆಸರಾದ ಆ ಊರಿನ ಹೆಂಗಸರಲ್ಲಿ ನೂಲುವವರು ಮಾತ್ರ ಬಂದರೆಂದು ಇದಕ್ಕೆ ಅರ್ಥವೇ, ಅಥವಾ ಹೆಂಗಸರೆಲ್ಲರೂ ಬಂದರು, ನೂಲುವುದು ಅವರ ಕಸುಬು ಎಂದೇ? ಕನ್ನಡದ ವಾಕ್ಯ ಎರಡಕ್ಕೂ ಎಡೆಗೊಡುತ್ತದೆ. ‘ನೂಲುವ’ ಎಂಬ ಕೃದಂತವು ನಾಮಪದಕ್ಕೆ ಮೊದಲು, ಅದಕ್ಕೆ ಅಂಟಿಕೊಂಡು ನಿಲ್ಲುವುದರಿಂದ ನಡುವೆ ಯಾವ ಚಿಹ್ನೆಗೂ ಅವಕಾಶವಿಲ್ಲ. ಸಂದರ್ಭವೇ ಅರ್ಥವನ್ನು ನಿರ್ಣಯಿಸಬೇಕು. ಇಂಗ್ಲಿಷಿನಲ್ಲಿ ಇದೇ ವಿಶೇಷಣವು ‘ಹೂ’ ಎಂಬ ಪದದೊಡನೆ ಉಪವಾಕ್ಯವಾಗಿ ನಾಮಪದದ ನಂತರ ಬರುತ್ತದೆ. ಅದರ ಎರಡೂ ಬದಿಗೆ ಅಲ್ಪವಿರಾಮವಿದ್ದರೆ ಹೆಂಗಸರೆಲ್ಲರೂ ಬಂದರು, ಇಲ್ಲದಿದ್ದರೆ ನೂಲುವವರು ಮಾತ್ರ. ಬರೆಹದಲ್ಲಿ ಈ ಭೇದವನ್ನು ಹೊರುವುದು ಆ ಎರಡು ಗೀಟುಗಳು ಮಾತ್ರ. ಮಾತೃಭಾಷೆಯಲ್ಲಿ ಎಂದೂ ಮಾಡಬೇಕಾಗದ ಆಯ್ಕೆಯನ್ನು ಕನ್ನಡದ ವಿದ್ಯಾರ್ಥಿ ಇಲ್ಲಿ ಪ್ರತಿ ಬಾರಿಯೂ ಮಾಡಬೇಕಾಗುತ್ತದೆ.

ರಷ್ಯನ್ ಮಾತೃಭಾಷೆಯ ವಿದ್ಯಾರ್ಥಿಯೂ ಇದೇ ಎಡೆಯಲ್ಲಿ ಎಡವುತ್ತಾನೆ, ಆದರೆ ಬೇರೆ ಕಾರಣಕ್ಕೆ. ಯಾಕೊವ್ ಗ್ರೋಟ್ 1885ರಲ್ಲಿ ಕ್ರೋಡೀಕರಿಸಿದ, 1956ರ ಅಧಿಕೃತ ನಿಯಮಾವಳಿ ಸ್ಥಿರಗೊಳಿಸಿದ ರಷ್ಯನ್ ಲೇಖನಪದ್ಧತಿಯು ಬಹುಮಟ್ಟಿಗೆ ವಾಕ್ಯರಚನೆಯನ್ನು ಅನುಸರಿಸುತ್ತದೆ. ‘ಕತೋರಿಯ್’ ಎಂಬ ಸಂಬಂಧಸರ್ವನಾಮದಿಂದ ತೊಡಗುವ ಉಪವಾಕ್ಯವನ್ನು, ಅದರ ಅರ್ಥ ಯಾವುದೇ ಇರಲಿ, ಅಲ್ಪವಿರಾಮದಿಂದ ಬೇರ್ಪಡಿಸಲೇಬೇಕು. ‘ಶ್ತೋ’ ಎಂಬ ಸಂಯೋಜಕಕ್ಕೆ ಮೊದಲೂ ಹಾಗೆಯೇ. ಆದುದರಿಂದ ಅವನು ಇಂಗ್ಲಿಷಿನ ‘ದಟ್’ಗೆ ಮೊದಲು ಅಲ್ಪವಿರಾಮ ಹಾಕುತ್ತಾನೆ. ಕನ್ನಡಿಗನು ಹಲವು ವೇಳೆ ಅದನ್ನು ‘ದಟ್’ನ ನಂತರ ಹಾಕುತ್ತಾನೆ, ‘ಹೇಳಿದ್ದೇನೆಂದರೆ’ ಎಂದು ಉಸಿರು ನಿಲ್ಲಿಸುವ ರೂಢಿ ಅವನದು. ಎರಡೂ ಭಾಷೆಗಳಲ್ಲಿ ‘ಎ’, ‘ದಿ’ಗಳಂತಹ ಉಪಪದಗಳಿಲ್ಲ, ‘ನಾನು ನೇಕಾರ’ ಎನ್ನಲು ವರ್ತಮಾನದಲ್ಲಿ ಕ್ರಿಯಾಪದ ಬೇಡ. ವ್ಯಾಕರಣದ ತೊಡಕುಗಳು ಇಷ್ಟು ಸಮೀಪವಿದ್ದರೂ ಚಿಹ್ನೆಗಳ ತೊಡಕುಗಳು ಹೀಗೆ ಎದುರುಬದುರಾಗಿವೆ.

ಉಸಿರಿನ ಈ ಲೆಕ್ಕ ಕನ್ನಡದ ಬರೆಹಕ್ಕೆ ಬಂದುದು ಹೇಗೆ? ಓಲೆಗರಿಗಳಲ್ಲಿ ಪದಗಳ ನಡುವೆಯೂ ತೆರಪಿರಲಿಲ್ಲ. ಪದ್ಯಕ್ಕೆ ದಂಡವೊಂದಿದ್ದರೆ ಸಾಕಾಗಿತ್ತು. ಚಿಹ್ನೆಗಳು ಮಾಡುವ ಕೆಲಸವನ್ನು ಪ್ರತ್ಯಯಗಳೇ ಮಾಡುತ್ತಿದ್ದವು: ‘ಎಂದು’ ಉದ್ಧರಣೆಯನ್ನು ಮುಚ್ಚುತ್ತದೆ, ‘ಅಪ್ಪನೂ ಮಗಳೂ’ ಎಂಬಲ್ಲಿನ ಊಕಾರ ಪಟ್ಟಿಯನ್ನು ಜೋಡಿಸುತ್ತದೆ, ‘ಬಂದರೇ’ ಎಂಬಲ್ಲಿನ ಏಕಾರ ಪ್ರಶ್ನೆಯನ್ನು ಸೂಚಿಸುತ್ತದೆ. ಮೈಸೂರಿನ ಕೆಂಪುನಾರಾಯಣನ ‘ಮುದ್ರಾಮಂಜೂಷ’ದ (1823) ಗದ್ಯ ಹೋಗಿ, ಕಂಡು, ಕೇಳಿ ಎಂಬಂತಹ ರೂಪಗಳ ಬಲದಿಂದಲೇ ದೀರ್ಘವಾಗಿ ಹರಿಯುತ್ತದೆ. ಇಂಗ್ಲಿಷಿನ ಚಿಹ್ನೆಗಳು ಹತ್ತೊಂಬತ್ತನೆಯ ಶತಮಾನದ ಅಚ್ಚಿನೊಡನೆ ನೆಲೆಯೂರಿದವು. ಆ ಕಾಲದ ಕನ್ನಡ ವ್ಯಾಕರಣಗಳಲ್ಲಿ ವಿಲಿಯಂ ಕೇರಿ (1817), ಜಾನ್ ಮೆಕೆರೆಲ್ (1820), ಥಾಮಸ್ ಹಾಡ್ಸನ್ (1859) ಇವರ ಕೃತಿಗಳು ಇಂಗ್ಲಿಷ್ ಬಲ್ಲ ಓದುಗರಿಗಾಗಿ ಇಂಗ್ಲಿಷಿನಲ್ಲೇ ಬರೆದವು ಎಂಬುದನ್ನು ಮರೆಯಬಾರದು.

ಚಿಹ್ನೆಗಳಿಗೆ ನಿಂತ ಹೆಸರುಗಳು ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ. ಮೂರೂ ನಿಲುಗಡೆಯ ಅಳತೆಗಳು. ಲಿಂಡ್ಲಿ ಮರ‍್ರೆಯ 1795ರ ಇಂಗ್ಲಿಷ್ ವ್ಯಾಕರಣವು ಚಿಹ್ನೆಗಳನ್ನು ಒಂದಕ್ಕೊಂದು ಇಮ್ಮಡಿಯಾಗುವ ನಿಲುಗಡೆಗಳೆಂದೇ ವಿವರಿಸಿತ್ತು. ಈ ಹೋಲಿಕೆ ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಇಂಗ್ಲಿಷಿನ ಪದ್ಧತಿಯಾದರೋ ಮುಂದೆ ವಾಕ್ಯರಚನೆಯತ್ತ ವಾಲಿತು, ಕನ್ನಡದಲ್ಲಿ ಹೆಸರು ಮಾತ್ರ ಉಳಿಯಿತು. ದೀರ್ಘ ಕರ್ತೃಪದದ ನಂತರ, ಕ್ರಿಯಾಪದಕ್ಕೆ ಮೊದಲು, ಉಸಿರಿಗೆಂದು ಅಲ್ಪವಿರಾಮ ಹಾಕುವ ವಿದ್ಯಾರ್ಥಿಯು ಆ ಹೆಸರನ್ನು ಅಕ್ಷರಶಃ ಪಾಲಿಸುತ್ತಿದ್ದಾನೆ. ಪಾಠದಲ್ಲಿ ಮೊದಲು ತಿದ್ದಬೇಕಾದುದು ಈ ಪರಿಭಾಷೆಯನ್ನು.

ಕೃದಂತ ಮತ್ತು ಅಲ್ಪವಿರಾಮಗಳ ಮುಖಾಮುಖಿಯ ಹಳೆಯ ದಾಖಲೆಯೊಂದು ಬದನವಾಳಿನ ಸುತ್ತಣ ನೆಲದ್ದೇ ಆಗಿದೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ 1894ರಲ್ಲಿ ಪ್ರಕಟಿಸಿದರು, ಕಿಟ್ಟೆಲರ ನಿಘಂಟು ಹೊರಬಂದ ವರ್ಷವೂ ಅದೇ. ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಅಲ್ಲಿ ಜೊತೆಗಿವೆ. ಹೊಯ್ಸಳ ಶಾಸನಗಳ ಬಿರುದಾವಳಿಯಲ್ಲಿ ತಳಕಾಡು, ಕೊಂಗು, ನಂಗಲಿ ಮೊದಲಾದ ಸ್ಥಳನಾಮಗಳು ಸಾಲಾಗಿ ಬಂದು, ಅವೆಲ್ಲಕ್ಕೂ ‘ಗೊಂಡ’ ಎಂಬ ಒಂದೇ ಕೃದಂತ ಸಾಕಾಗುತ್ತದೆ. ರಾಜನ ಹೆಸರು ಕಟ್ಟಕಡೆಗೆ. ಅನುವಾದಕನು ಇಂಗ್ಲಿಷಿನಲ್ಲಿ ಪ್ರತಿ ಊರಿನ ನಡುವೆಯೂ ಚಿಹ್ನೆ ಹಾಕಬೇಕು. ಜೊತೆಗೆ, ‘ಗೊಂಡ’ ಎಂಬುದು ಆ ರಾಜನು ಗೆದ್ದನೆಂಬ ಹೇಳಿಕೆಯೋ ಬರಿಯ ಬಿರುದೋ ಎಂಬುದನ್ನೂ ತೀರ್ಮಾನಿಸಬೇಕು.

ಈ ತೀರ್ಮಾನ ಇತಿಹಾಸಕಾರನಿಗೂ ಸಂಬಂಧಿಸಿದ್ದು. ನರಸೀಪುರ ತಾಲ್ಲೂಕಿನಲ್ಲಿರುವ ತಲಕಾಡನ್ನು ಚೋಳರಿಂದ ಸುಮಾರು 1116ರಲ್ಲಿ ಗೆದ್ದವನು ವಿಷ್ಣುವರ್ಧನ. ಅವನ ಮಗ ಒಂದನೆಯ ನರಸಿಂಹ, ಮೊಮ್ಮಗ ಇಮ್ಮಡಿ ಬಲ್ಲಾಳ ಇವರ ಶಾಸನಗಳಲ್ಲೂ ಅದೇ ಬಿರುದು ಮುಂದುವರಿಯುತ್ತದೆ. ‘ಹೂ’ ಉಪವಾಕ್ಯವಾಗಿ ಅನುವಾದಿಸಿದರೆ ಮೊಮ್ಮಗನೂ ತಲಕಾಡನ್ನು ಗೆದ್ದಂತಾಗುತ್ತದೆ; ನಾಮಪದವಾಗಿ ಅನುವಾದಿಸಿದರೆ ಅದು ಪಿತ್ರಾರ್ಜಿತ ಬಿರುದಾಗಿ ಉಳಿಯುತ್ತದೆ. ಕನ್ನಡವು ಈ ಭೇದವನ್ನು ಬಿಡಿಸಿ ಹೇಳುವುದಿಲ್ಲ. ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲಿರುವುದೂ ‘ಶ್ರೀ ತಳಕಾಡುಗೊಂಡ’ ಎಂಬಷ್ಟೇ ಬರೆಹ: ವಿಶೇಷಣವಿದೆ, ವಿಶೇಷ್ಯವಾಗಬೇಕಾದ ರಾಜನ ಹೆಸರಿಲ್ಲ.