ವ್ಯಾನಿನ ಒಳಗೋಡೆ ಮತ್ತು ಪ್ಲೈವುಡ್‌ನ ಅಂಟಿನ ಕಥೆ

ಹೋದ ವರ್ಷ ಪುಣೆಯಲ್ಲಿ ಒಂದು ಹಳೇ ವ್ಯಾನ್ ತಗೊಂಡು, ಮಲಗೋಕೆ ಜಾಗ ಇರೋ ಕ್ಯಾಂಪರ್ ಮಾಡೋಕೆ ಹೊರಟೆ. ಒಳಗೋಡೆಗೆ ಅಗ್ಗದ ಪ್ಲೈವುಡ್ ಹೊಡೆಸಿದೆ. ಒಂದೇ ಮಳೆಗಾಲ ನೋಡಿ, ಸಿರ್ಸಿ ಮುಟ್ಟೋ ಹೊತ್ತಿಗೆ ಹಲಗೆ ಪದರ ಪದರವಾಗಿ ಎದ್ದಿತ್ತು. ಬಡಗಿ ಕೆಲಸ ಮಾಡಿದ ಅಪ್ಪ ಬೆರಳಲ್ಲಿ ಒತ್ತಿ ನೋಡಿ, "ಮರ ಹಾಳಾಗಿಲ್ಲ ತಮ್ಮಾ, ಅಂಟು ಬಿಟ್ಟಿದೆ" ಅಂದರು.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಪ್ಲೈವುಡ್‌ನ ಇತಿಹಾಸ ಅಂದ್ರೆ ಬಹುಪಾಲು ಅಂಟಿನ ಇತಿಹಾಸವೇ. ತೆಳು ಮರದ ಹಾಳೆ ಅಂಟಿಸೋದು ಪ್ರಾಚೀನ ಈಜಿಪ್ಟಿನವರಿಗೂ ಗೊತ್ತಿತ್ತು. 1905ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಪ್ರದರ್ಶನದಲ್ಲಿ ಡಗ್ಲಾಸ್ ಫರ್ ಮರದ ಪ್ಲೈ ಇಟ್ಟಿದ್ದರು. ಅದಕ್ಕೆ ಹಚ್ಚಿದ್ದು ಪ್ರಾಣಿಜನ್ಯ ಅಂಟು. ಒಣ ಜಾಗಕ್ಕೆ ಸರಿ, ಮಳೆಗೆ ಆಗಲ್ಲ. ನೀರಿಗೆ ಜಗ್ಗದ ಅಂಟು ಅಲ್ಲಿ ಬಂದಿದ್ದು 1934ರಲ್ಲಿ.

ಎರಡನೇ ಮಹಾಯುದ್ಧದ ಬ್ರಿಟಿಷ್ ವಿಮಾನ 'ಮಸ್ಕೀಟೊ' ಬಗ್ಗೆ ಕೇಳಿರಬಹುದು. ಅದರ ಮೈ ಪ್ಲೈ ಮತ್ತು ಬಾಲ್ಸಾ ಮರದ್ದು. ಮೊದಲು ಬಳಸಿದ್ದು ಹಾಲಿನ ಕೇಸೀನ್ ಅಂಟು. ತೇವಕ್ಕೆ ಅದು ತಡೆಯದೆ, ಫಾರ್ಮಾಲ್ಡಿಹೈಡ್ ರಾಳದ ಅಂಟಿಗೆ ಬದಲಾದರು. ಆದರೂ 1944ರಲ್ಲಿ ಭಾರತದಲ್ಲಿದ್ದ ಕೆಲವು ಮಸ್ಕೀಟೊಗಳ ರೆಕ್ಕೆ ಕಿತ್ತುಬಂದು, ಹಾರಾಟವನ್ನೇ ನಿಲ್ಲಿಸಬೇಕಾಯಿತು. ತನಿಖೆಯಲ್ಲಿ ಕಂಡದ್ದು ಸರಿಯಾಗಿ ಕೂರದ ಜೋಡಣೆ. ಅಂದ್ರೆ ಅಂಟು ಎಷ್ಟೇ ಒಳ್ಳೇದಿದ್ರೂ ಕೂರಿಸೋ ಕೈ ಚೆನ್ನಾಗಿರಬೇಕು.

ನಮ್ಮಲ್ಲೂ ಈ ಕೆಲಸ ನಡೆದಿದೆ. 1962ರಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಪ್ಲೈವುಡ್ ಸಂಶೋಧನೆಗೆಂದೇ ಒಂದು ಸಂಸ್ಥೆ ಶುರುವಾಯಿತು. ಇವತ್ತು ಹಲಗೆ ಮೇಲೆ ಐಎಸ್ 710 ಅಂತ ಮುದ್ರೆ ಇದ್ರೆ ಅದು ಮರೀನ್ ಪ್ಲೈ. 72 ಗಂಟೆ ಕುದಿಸಿದರೂ ಪದರ ಬಿಡಬಾರದು ಅನ್ನೋದು ಅದರ ಪರೀಕ್ಷೆ. ವ್ಯಾನಿಗೆ ಇಷ್ಟೆಲ್ಲ ಯಾಕೆ ಅಂತೀರಾ? ರಾತ್ರಿ ನಮ್ಮ ಉಸಿರಿನ ಆವಿಯೇ ತಣ್ಣನೆ ತಗಡಿಗೆ ತಾಗಿ ನೀರಾಗುತ್ತೆ. ಆ ನೀರು ಹಲಗೆಯ ಹಿಂದೆ ಇಳಿಯುತ್ತೆ, ನಮಗೆ ಕಾಣೋದೇ ಇಲ್ಲ.

ಎರಡನೇ ಸಲ 4 ಎಂಎಂ ಮರೀನ್ ಪ್ಲೈ ತಂದೆ. ಮೊದಲು ರಟ್ಟಿನಲ್ಲಿ ಅಳತೆ ಕತ್ತರಿಸಿಕೊಂಡೆ. ವ್ಯಾನಿನ ಗೋಡೆ ಮೇಲಿಂದ ಕೆಳಗೆ ಬಾಗಿರುತ್ತೆ. ಮೇಲ್ಪದರದ ಎಳೆ ವ್ಯಾನಿನ ಉದ್ದಕ್ಕೆ ಇಟ್ಟರೆ ಹಲಗೆ ಸುಲಭವಾಗಿ ಬಾಗುತ್ತೆ. ಕತ್ತರಿಸಿದ ಅಂಚಿಗೆಲ್ಲ ವಾರ್ನಿಷ್ ಕುಡಿಸಿದೆ, ಯಾಕಂದ್ರೆ ನೀರು ಹೆಚ್ಚಾಗಿ ನುಗ್ಗೋದು ಅಲ್ಲಿಂದಲೇ. ಹಲಗೆಗಳ ನಡುವೆ ಎರಡು ಎಂಎಂ ಸಂದು ಬಿಟ್ಟು, ತಗಡಿಗೆ ಅಂಟಿಸದೆ, ಮರದ ಪಟ್ಟಿಗೆ ಸ್ಕ್ರೂ ಹಾಕಿದೆ. ಬೇಕಾದಾಗ ಬಿಚ್ಚಿ ಹಿಂದೆ ನೋಡಬಹುದು.

ಈ ಮಳೆಗಾಲ ಅಪ್ಪ ಅದರಲ್ಲೇ ಎರಡು ರಾತ್ರಿ ಮಲಗಿದರು. ಬೆಳಿಗ್ಗೆ ಎದ್ದು ಗೋಡೆ ತಟ್ಟಿ ನೋಡಿ, "ಅಡ್ಡಿಲ್ಲ" ಅಂದರು. ಸಿರ್ಸಿ ಕಡೆಯವರಿಗೆ ಗೊತ್ತು, ಅದು ಎಷ್ಟು ದೊಡ್ಡ ಮೆಚ್ಚುಗೆ ಅಂತ!

ನಿಮ್ಮ ಮನೆಯ ಅಡುಗೆಕಟ್ಟೆ ಕೆಳಗಿನ ಪ್ಲೈ ಮೇಲೂ ಏನು ಮುದ್ರೆ ಇದೆ, ಒಮ್ಮೆ ನೋಡಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.