ಎರೆಸೀಮೆಯ ಹಳೆಯ ಟ್ರ್ಯಾಕ್ಟರು, ಡೀಸೆಲ್ ಸಾಗುವ ದಾರಿ

ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಒತ್ತಿ ಹಿಡಿದ ಗಾಳಿಯ ಕಾವಿಗೇ ಸಿಂಪಡಿಸಿದ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಹಳೆಯ ಟ್ರ್ಯಾಕ್ಟರಿನ ತಕರಾರುಗಳಲ್ಲಿ ಬಹಳಷ್ಟು ಎಣ್ಣೆಯ ದಾರಿಯಲ್ಲೇ ಹುಟ್ಟುತ್ತವೆ. ಸಿಂಪಡಿಸುವ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1951ರಲ್ಲಿ ಆರಂಭವಾದ ಬೆಂಗಳೂರಿನ ಮೈಕೋ ಕಂಪನಿ ಅದನ್ನು ಇಲ್ಲೇ ಮಾಡಿತು. ದೇಶದಲ್ಲೇ ತಯಾರಾದ ಟ್ರ್ಯಾಕ್ಟರುಗಳ ಪೈಕಿ 1959ರಲ್ಲಿ ಫರೀದಾಬಾದಿನ ಐಷರ್, 1970ರ ದಶಕದಲ್ಲಿ ಪಿಂಜೋರಿನ ಎಚ್‌ಎಂಟಿ ಟ್ರ್ಯಾಕ್ಟರುಗಳು ಹೊರಬಂದವು.

ಗದಗ ತಾಲ್ಲೂಕಿನ ಅಂತೂರ ಬೆಂತೂರದಂಥ ಎರೆನೆಲದಲ್ಲಿ ಎರಡು ಶತ್ರುಗಳು: ಬೇಸಿಗೆಯ ನುಣ್ಣನೆ ಧೂಳು, ಬ್ಯಾರಲ್ಲಿನಲ್ಲಿ ಕೂಡಿಟ್ಟ ಡೀಸೆಲ್ಲಿನ ತಳದ ನೀರು. ಒಣಗಿದ ಎರೆಮಣ್ಣು ಟ್ಯಾಂಕಿನ ಮುಚ್ಚಳದ ಗಾಳಿತೂತನ್ನು ಮುಚ್ಚಿದರೆ ಎಂಜಿನ್ ಸ್ವಲ್ಪ ಹೊತ್ತು ಓಡಿ ಸೊರಗಿ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದಾಗ ಮತ್ತೆ ಓಡಿದರೆ ದೋಷ ಅಲ್ಲೇ. ಇಷ್ಟು ಅಗ್ಗದ ಪರೀಕ್ಷೆ ಬೇರೊಂದಿಲ್ಲ.

ಅದಲ್ಲವಾದರೆ ಫಿಲ್ಟರು ನೋಡಬೇಕು. ಅದರ ಬಟ್ಟಲಿನ ನೀರು ಹೊರಚೆಲ್ಲಿ, ಕಟ್ಟಿಕೊಂಡ ಫಿಲ್ಟರನ್ನು ಬದಲಿಸುವುದು ವಾಡಿಕೆ. ಆಮೇಲೆ ಕೊಳವೆಗಳಲ್ಲಿ ‘ಏರ್ ಹಿಡಿದಿರುತ್ತದೆ’, ಅಂದರೆ ಗಾಳಿ ಸೇರಿರುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ ಗುಳ್ಳೆ ನಿಂತು ಎಣ್ಣೆಯಷ್ಟೇ ಬರುವವರೆಗೆ ಕಾಯಬೇಕು. ನಂತರ ಮುಖ್ಯ ಪಂಪಿನ, ಅಂದರೆ ಸಿಂಪಡಿಸುವ ಪಂಪಿನ ಸ್ಕ್ರೂ, ಕೊನೆಗೆ ನಾಝಲಿನ ನಟ್ಟು ಸಡಿಲಿಸಿ ಹೀಗೆಯೇ ಗಾಳಿ ಬಿಡಬೇಕು. ಗಾಳಿ ಪದೇ ಪದೇ ಸೇರಿದರೆ ವಾಷರು ಅಥವಾ ಬಿರುಕು ಬಿಟ್ಟ ಕೊಳವೆ ಕಾರಣ. ನಾಝಲ್ ಸಿಂಪಡಿಸದೆ ಸೋರಿದರೆ ಕರಿಹೊಗೆ ಬರುತ್ತದೆ. ಮುಖ್ಯ ಪಂಪನ್ನು ಮಾತ್ರ ಹೊಲದಲ್ಲಿ ಬಿಚ್ಚಬಾರದು: ಅದರ ಒಳಭಾಗಗಳ ನಡುವಿನ ಸಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು. ಪ್ರತಿ ಸಿಲಿಂಡರಿಗೆ ಹೋಗುವ ಎಣ್ಣೆಯನ್ನು ಅಳೆದು ಸರಿಹೊಂದಿಸುವ ಯಂತ್ರವಿರುವ ಅಂಗಡಿಯಲ್ಲೇ ಆ ಕೆಲಸ ಆಗಬೇಕು.