ಸೂರಿನ ದೋಣಿ

ಸೂರಿನ ದೋಣಿ ಎಂದರೆ ಇಳಿಜಾರು ಮಾಡಿನಿಂದ ಹರಿದುಬರುವ ಮಳೆನೀರನ್ನು ಸೂರಿನ ಅಂಚಿನಲ್ಲಿ ಹಿಡಿದು, ಗೋಡೆ ಮತ್ತು ಅಡಿಪಾಯದಿಂದ ದೂರಕ್ಕೆ ಸಾಗಿಸುವ ಉದ್ದನೆಯ ತೆರೆದ ಕಾಲುವೆ. ಕರಾವಳಿಯ ಕೆಲವೆಡೆ ಇದನ್ನು ದಂಬೆ ಎಂದೂ ಕರೆಯುತ್ತಾರೆ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳನ್ನು ಕೆತ್ತಿ ತೆಗೆದು ಮಾಡುವ ದೋಣಿ ಹಳೆಯ ರೂಪ. ಇಂದು ಸತುವಿನ ಲೇಪವಿರುವ ಕಬ್ಬಿಣದ ತಗಡು, ಅಲ್ಯೂಮಿನಿಯಂ ಮತ್ತು ಪಿವಿಸಿ ದೋಣಿಗಳು ಬಳಕೆಯಲ್ಲಿವೆ.

ಉತ್ತರ ಕನ್ನಡದ ಕರಾವಳಿಯಲ್ಲಿ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿಯುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಬಿದ್ದ ಒಂದು ಮಿ.ಮೀ. ಮಳೆ ಒಂದು ಲೀಟರ್ ನೀರಿಗೆ ಸಮ. ಹೀಗಾಗಿ ನೆಲದ ಅಳತೆಯಲ್ಲಿ 50 ಚದರ ಮೀಟರ್ ಜಾಗವನ್ನು ಮುಚ್ಚುವ ಮಾಡಿನ ಮೇಲೆ ಒಂದು ವರ್ಷದಲ್ಲಿ ಬೀಳುವ ನೀರು ಸುಮಾರು 1,50,000 ಲೀಟರ್.

ಕಾಳಿ ನದಿಯ ದಂಡೆಯ ಹಣಕೋಣದಂತಹ ಊರುಗಳಲ್ಲಿ ಚಿರೇಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು ಇರುವ ಮನೆಗಳು ಸಾಮಾನ್ಯ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಸ್ಥಾಪಿಸಿದ ನಂತರ ಈ ಹಂಚು ಕರಾವಳಿಯುದ್ದಕ್ಕೂ ಹರಡಿತು. ಹಳೆಯ ಮನೆಗಳಲ್ಲಿ ಸೂರಿನುದ್ದಕ್ಕೂ ದೋಣಿ ಇರಬೇಕೆಂಬ ನಿಯಮವೇನೂ ಇರಲಿಲ್ಲ. ಸೂರನ್ನು ಗೋಡೆಯಿಂದ ಸಾಕಷ್ಟು ಹೊರಕ್ಕೆ ಚಾಚಿ, ಹನಿ ಬೀಳುವ ಗೆರೆಯಲ್ಲಿ ಕಲ್ಲು ಹಾಸಿದರೆ ಕೆಲಸ ನಡೆಯುತ್ತಿತ್ತು. ಕೆಟ್ಟ ದೋಣಿಗಿಂತ ದೋಣಿಯೇ ಇಲ್ಲದ ಸೂರು ಎಷ್ಟೋ ಮೇಲು: ದೋಣಿಯಿಲ್ಲದಿದ್ದರೆ ನೀರು ಉದ್ದಕ್ಕೂ ಹಂಚಿ ಬೀಳುತ್ತದೆ, ತೂತು ಬಿದ್ದ ದೋಣಿಯಾದರೆ ಇಡೀ ಮಾಡಿನ ನೀರನ್ನು ಒಂದೇ ಜಾಗಕ್ಕೆ ಸುರಿಯುತ್ತದೆ.

ಬದಲಾಯಿಸಬೇಕಾದ ಲಕ್ಷಣಗಳು

ದೋಣಿ ತುಂಬಿ ಹೊರಚೆಲ್ಲುವುದೆಲ್ಲ ಅದು ಹಾಳಾದುದರ ಗುರುತಲ್ಲ. ಮಾವಿನ ಎಲೆ, ತೆಂಗಿನ ಹೂವು, ಹಂಚಿನ ಚೂರು, ಪಾಚಿ ಸೇರಿ ಇಳಿಪೈಪಿನ ಬಾಯಿ ಕಟ್ಟಿದರೂ ಹಾಗೆಯೇ ಆಗುತ್ತದೆ. ಆದ್ದರಿಂದ ಮೊದಲು ಕಸ ತೆಗೆದು, ಎತ್ತರದ ತುದಿಯಿಂದ ಒಂದೆರಡು ಕೊಡ ನೀರು ಹೊಯ್ದು ನೋಡಬೇಕು. ನೀರು ಹತ್ತು ಅಡಿಗೆ ಸುಮಾರು ಅರ್ಧ ಇಂಚಿನ ಇಳಿತದಲ್ಲಿ ಸರಾಗವಾಗಿ ಹರಿದರೆ ದೋಣಿ ಸರಿಯಿದೆ. ನಡುವೆ ನೀರು ನಿಂತರೆ ಕೊಂಡಿ ಸಡಿಲವಾಗಿ ದೋಣಿ ಜೋತುಬಿದ್ದಿದೆ ಎಂದರ್ಥ. ಕೊಂಡಿಯನ್ನು ಬಿಗಿಮಾಡಿದರೆ ಇದು ಸರಿಹೋಗಬಹುದು. ಆದರೆ ಮೊಳೆ ಹಿಡಿಯುವ ಹಲಗೆಯೇ ಮೆತ್ತಗಾಗಿದ್ದರೆ, ಹಲಗೆಯನ್ನು ಬದಲಿಸದೆ ಹೊಸ ದೋಣಿ ಕಟ್ಟಿಯೂ ಫಲವಿಲ್ಲ. ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಡುವ ತಾಣವೂ ಹೌದು.

ಕಡಲಗಾಳಿಯ ಉಪ್ಪಿನಂಶ ತಗಡನ್ನು ಬೇಗ ತಿನ್ನುತ್ತದೆ. ಮೊದಲು ಸತುವಿನ ಮೇಲೆ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ, ಆಮೇಲೆ ಕಂದು ತುಕ್ಕು ಬರುತ್ತದೆ. ಒಂದೆರಡು ಸೂಜಿತೂತುಗಳಿಗೆ ತೇಪೆ ಹಾಕಬಹುದು. ಬೆರಳಿನಿಂದ ಒತ್ತಿದಾಗ ತಗಡು ಪುಡಿಯಾದರೆ ಅಥವಾ ಬೆಸುಗೆಯ ಕೀಲುಗಳು ಪ್ರತಿ ಮಳೆಗಾಲದಲ್ಲಿಯೂ ಬಿಚ್ಚಿಕೊಂಡರೆ ದುರಸ್ತಿಯ ಹಣ ವ್ಯರ್ಥ. ಅಲ್ಯೂಮಿನಿಯಂ ದೋಣಿಗೆ ಕಬ್ಬಿಣದ ಮೊಳೆ ಹೊಡೆದರೆ ಉಪ್ಪುಗಾಳಿಯಲ್ಲಿ ಆ ಎರಡು ಲೋಹಗಳು ತಾಗುವಲ್ಲಿಯೇ ಸವೆತ ಆರಂಭವಾಗುತ್ತದೆ. ಪಿವಿಸಿಗೆ ತುಕ್ಕಿನ ಭಯವಿಲ್ಲ, ಬಿಸಿಲಿನ ಭಯವಿದೆ. ಬಣ್ಣ ಮಾಸಿ ಪೆಡಸಾದ ದೋಣಿ ತೆಂಗಿನ ಮಡಲು ಬಿದ್ದರೆ ಸೀಳುತ್ತದೆ.

ಕೆಲವು ಲಕ್ಷಣಗಳು ದೋಣಿಯಲ್ಲಲ್ಲ, ಗೋಡೆಯಲ್ಲಿ ಕಾಣುತ್ತವೆ. ಗೋಡೆಯ ಮೇಲೆ ಒಂದೇ ಕಡೆ ಇಳಿಯುವ ಹಸಿರು ಪಾಚಿಯ ಪಟ್ಟೆ, ಪಂಚಾಂಗದ ಬಳಿ ಮಣ್ಣು ಕೊರೆದ ಗುಂಡಿ, ಗಿಲಾವು ಉಬ್ಬಿ ಉದುರುವುದು ಇವೆಲ್ಲ ನೀರು ಬಹುಕಾಲದಿಂದ ತಪ್ಪುದಾರಿ ಹಿಡಿದಿರುವುದನ್ನು ತೋರಿಸುತ್ತವೆ. ಚಿರೇಕಲ್ಲು ರಂಧ್ರಮಯವಾದುದರಿಂದ ನೀರನ್ನು ಹೀರುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಗಳಲ್ಲಿ ಸಂದುಗಳು ಕರಗಿ ಗೋಡೆಯೇ ವಾಲುವ ಅಪಾಯವಿದೆ.

ಮಾಡುಗಳು ಕೂಡುವಲ್ಲಿನ ದೋಣಿ

ಎರಡು ಮಾಡುಗಳು ಕೋನದಲ್ಲಿ ಕೂಡುವಲ್ಲಿ ಹಂಚಿನ ಕೆಳಗೆ ತಗಡಿನ ದೋಣಿಯಿರುತ್ತದೆ. ಮನೆಯ ಅತಿ ಮುಖ್ಯ ದೋಣಿ ಇದೇ, ಅತಿ ಕಡಿಮೆ ಗಮನಕ್ಕೆ ಬರುವುದೂ ಇದೇ. ಸೂರಿನ ದೋಣಿ ಸೋರಿದರೆ ನೀರು ಅಂಗಳಕ್ಕೆ ಬೀಳುತ್ತದೆ; ಇದು ಸೋರಿದರೆ ಮನೆಯೊಳಗೆ, ಅದಕ್ಕೂ ಮೊದಲು ಪಕಾಸಿ ಮತ್ತು ರೀಪುಗಳಿಗೆ ಇಳಿಯುತ್ತದೆ. ಮರದ ಮೇಲೆ ಕಪ್ಪು ಕಲೆ, ಬೂಷ್ಟು, ಗೆದ್ದಲಿನ ಮಣ್ಣುಸಾಲು ಕಂಡರೆ ಆ ಭಾಗದ ಹಂಚು ತೆಗೆಸಿ ತಗಡನ್ನು ಪರೀಕ್ಷಿಸಬೇಕು. ಇಲ್ಲಿ ತೇಪೆಯನ್ನು ನಂಬುವುದು ಸರಿಯಲ್ಲ: ಮತ್ತೆ ಸೋರಿದರೆ ಮಳೆಗಾಲದ ನಡುವೆ ಹಂಚು ತೆಗೆಯುವಂತಿಲ್ಲ. ಒಳಗಿಂದ ಪಕಾಸಿಗೆ ಚೂರಿಯ ಮೊನೆ ಸಲೀಸಾಗಿ ಇಳಿದರೆ ದೋಣಿಯ ಜೊತೆಗೆ ಮರವನ್ನೂ ಬದಲಿಸಬೇಕಾಗುತ್ತದೆ.

ಸಮಯ ಮತ್ತು ಸುರಕ್ಷತೆ

ಹಂಚು ಕೈಯಾಡಿಸುವ ಏಪ್ರಿಲ್–ಮೇ ತಿಂಗಳೇ ದೋಣಿ ಕೆಲಸಕ್ಕೂ ಸೂಕ್ತ ಕಾಲ. ಮೃಗಶಿರಾ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಬಾವಿ ಅಥವಾ ತೊಟ್ಟಿಗೆ ನೀರು ಬಿಡುವ ಮನೆಗಳಲ್ಲಿ ಮೊದಲ ಮಳೆಯ ಕೊಳೆನೀರನ್ನು ಹೊರಹಾಕಲು ಇಳಿಪೈಪಿಗೆ ಬೇರೆ ದಾರಿ ಇಡಿಸುವುದು ಒಳ್ಳೆಯದು. ಉಬ್ಬರದ ನೀರಿನಿಂದ ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ನದೀತೀರದಲ್ಲಿ ಈ ಸಂಗ್ರಹಕ್ಕೆ ಹೆಚ್ಚಿನ ಬೆಲೆಯಿದೆ. ಹಳೆಯ ಆಸ್‌ಬೆಸ್ಟಾಸ್ ಸಿಮೆಂಟಿನ ದೋಣಿಯನ್ನು ಒಡೆಯಬಾರದು, ಕೊಯ್ಯಬಾರದು. ಅದರ ಎಳೆಗಳು ಶ್ವಾಸಕೋಶಕ್ಕೆ ಹಾನಿಕರ. ಒದ್ದೆ ಹಂಚಿನ ಮೇಲೆ ಕಾಲಿಡಬಾರದು. ಏಣಿ ಹಚ್ಚುವ ಮುನ್ನ ಸೂರಿನ ಬಳಿ ಹಾದುಹೋಗುವ ವಿದ್ಯುತ್ ತಂತಿಯನ್ನು ನೋಡಿಕೊಳ್ಳಬೇಕು.